ಸಮಾಜ ಸೇವೆಯನ್ನೇ ಕೆಲಸ ಮಾಡಿಕೊಳ್ಳುವವರು ಮೊದಲು ಕಲಿಯಬೇಕಾದದ್ದು

"ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಎಲ್ಲಿ ಮಾಡಲಿ?" ಅಂತ ಕೇಳುವವರಿಗೆ ನಾನು ಮೊದಲು ಬೇರೆಯದೇ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಕೇರಿಯಲ್ಲಿ ಪಿಂಚಣಿ ಸಿಗದ ಒಬ್ಬ ಅಜ್ಜಿಯನ್ನು ಹುಡುಕಿ. 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿಸಿ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಹುಟ್ಟಿದ ವರ್ಷ ಯಾರಿಗೂ ಗೊತ್ತಿಲ್ಲ, ಎಲ್ಲ ಸರಿ ಮಾಡಿಕೊಂಡು ಹೋದರೆ ಸರ್ವರ್ ಡೌನ್, ನಾಳೆ ಬನ್ನಿ. ಹಣ ಖಾತೆಗೆ ಬೀಳುವ ತನಕ ಬಿಡಬೇಡಿ. ಓಡಾಟದಲ್ಲಿ ಸಿಟ್ಟು ಬಂದರೆ ಪರವಾಗಿಲ್ಲ. ಅಜ್ಜಿಯ ಮೇಲೇ ಸಿಟ್ಟು ಬಂತಾ, ಸ್ವಲ್ಪ ಯೋಚನೆ ಮಾಡಿ.

ಅಂಕೋಲಾದ ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತಿದ್ದು ಯಾವ ಡಿಗ್ರಿಯಿಂದಲೂ ಅಲ್ಲ. ಆದರೆ ಸಂಬಳದ ಕೆಲಸಕ್ಕೆ ಡಿಗ್ರಿ ಕೇಳುತ್ತಾರೆ. ಪಿಯುಸಿ ಆದವರಿಗೆ ಇದೇ ವಿಷಯದ ಪದವಿ ಬಿಎಸ್‌ಡಬ್ಲ್ಯೂ ಇದೆ. ಬಿಎ, ಬಿಕಾಂ ಏನೇ ಆಗಿದ್ದರೂ ಎರಡು ವರ್ಷದ ಎಂಎಸ್‌ಡಬ್ಲ್ಯೂ ಸೇರಬಹುದು. ಉತ್ತರ ಕನ್ನಡದ ನಮಗೆ ಹತ್ತಿರದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕೆಳಗೆ ಹೋದರೆ ಮಂಗಳೂರಿನ ರೋಶನಿ ನಿಲಯ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಷ್ಟು ಹಳೆಯದು, ಅಲ್ಲಿಗೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಎಲ್ಲೇ ಸೇರಿ, ವಾರಕ್ಕೆ ಎಷ್ಟು ದಿನ ಫೀಲ್ಡ್ ವರ್ಕ್, ನಾವು ಬರೆದ ರೆಕಾರ್ಡನ್ನು ಯಾರಾದರೂ ಓದಿ ತಿದ್ದುತ್ತಾರಾ ಅಂತ ಸೀನಿಯರ್‌ಗಳನ್ನು ಕೇಳಿಕೊಳ್ಳಿ. ಬಿಲ್ಡಿಂಗ್ ನೋಡಿ ಮರುಳಾಗಬೇಡಿ.

ಆ ತಿದ್ದುವುದು ಎಷ್ಟು ಮುಖ್ಯ ಅಂತ ನನಗೆ ಗೊತ್ತಾಗಿದ್ದು ಮೊದಲ ಮನೆ ಭೇಟಿಯಲ್ಲಿ. ಜೂನ್ ತಿಂಗಳು, ಬಂದರಿನ ಹತ್ತಿರದ ಒಂದು ಮನೆ. ಹತ್ತು ನಿಮಿಷ ನಿಂತು ಬಂದು "ಕುಟುಂಬ ಬಡತನದಲ್ಲಿದೆ" ಅಂತ ಬರೆದಿದ್ದೆ. ನಮ್ಮ ಮೇಡಂ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು "ನೋಡಿದ್ದೇನು? ಅದನ್ನು ಬರಿ" ಅಂದರು. ಮತ್ತೆ ಹೋದೆ. ಈ ಸಲ ಕೂತೆ. ಆ ಮನೆಯ ಅಕ್ಕ ಒಣಮೀನು ಬೇರೆ ಮಾಡುತ್ತಾ ತಾನಾಗಿಯೇ ಹೇಳಿದಳು: ಗಂಡ ದೊಡ್ಡ ಬಲೆಯ ಪರ್ಸಿನ್ ಬೋಟಿಗೆ ಮೀನು ಹಿಡಿಯಲು ಹೋಗುವವನು, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್, ಆ ಖರ್ಚಿಗೆ ಬೋಟಿನ ಮಾಲೀಕರಿಂದ ಸಾಲ, ಆಗಸ್ಟಿನ ದುಡಿಮೆಯೆಲ್ಲ ಅದಕ್ಕೇ ಮುರಿದು ಹೋಗುತ್ತದೆ. ಮಗಳು ಶಾಲೆ ಬಿಡುವುದು ಸರಿಯಾಗಿ ಆ ಜೂನಿನಲ್ಲೇ. ನಾನು ಅಕ್ಕಿ ಕೊಡಿಸುವ ಲೆಕ್ಕದಲ್ಲಿದ್ದೆ ನೋಡಿ, ಆ ಮನೆಗೆ ಬೇಕಾಗಿದ್ದು ಜೂನಿನ ಶಾಲೆ ಖರ್ಚು.

ಹಾಗಾಗಿ ದಿನಾ ಒಂದು ಪುಟ ಬರೆಯುವುದನ್ನು ಈಗಲೇ ಶುರು ಮಾಡಿ. ಕಂಡದ್ದು ಒಂದು ಕಡೆ, ನಿಮಗೆ ಅನಿಸಿದ್ದು ಇನ್ನೊಂದು ಕಡೆ.

ಇನ್ನೊಂದು, ಭಾಷೆ. ಕಾರವಾರದಲ್ಲಿ, ಜೋಯಿಡಾದಲ್ಲಿ ಕೊಂಕಣಿ ಬೇಕು, ಹಳಿಯಾಳದಲ್ಲಿ ಮರಾಠಿ, ಭಟ್ಕಳದಲ್ಲಿ ನವಾಯತಿ. ಅರ್ಧಂಬರ್ಧ ಬಂದರೂ ಸಾಕು, ನಿಮ್ಮ ತಪ್ಪಿಗೆ ನಕ್ಕವರು ಆಮೇಲೆ ಮಾತಾಡುತ್ತಾರೆ.

ಕಾನೂನುಗಳಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ, 2015ರ ಬಾಲನ್ಯಾಯ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ ಈ ಮೂರನ್ನು ಕನ್ನಡದಲ್ಲೇ ಓದಿಕೊಳ್ಳಿ. ಯಾವ ಸಮುದಾಯ ಯಾವ ಪಟ್ಟಿಯಲ್ಲಿದೆ ಅನ್ನುವುದೂ ಬಾಯಿಗೆ ಬರಬೇಕು. ಯಲ್ಲಾಪುರದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, ಹಾಲಕ್ಕಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ಇದು ಗೊತ್ತಿಲ್ಲದೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿದರೆ ಮಗುವಿಗೆ ಆಸೆ ಹುಟ್ಟಿಸಿ ಕೈಬಿಟ್ಟ ಹಾಗಾಗುತ್ತದೆ.

ಕೆಲಸ ಅಂದರೆ ಮಕ್ಕಳ ರಕ್ಷಣಾ ಘಟಕ, ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ, ಆಸ್ಪತ್ರೆ, ಸಂಘ ಸಂಸ್ಥೆಗಳು. ಹೆಚ್ಚಿನವು ಗುತ್ತಿಗೆ ಕೆಲಸಗಳೇ, ಸಂಬಳವೂ ಜಾಸ್ತಿ ಇಲ್ಲ. ಮನೆಯವರಿಗೆ ಮೊದಲೇ ಹೇಳಿಬಿಡಿ.

ಘಟ್ಟದ ಮೇಲಿನ ಹಳ್ಳಿಗೆ ಹೋಗುವ ದಿನ ವಾಪಸ್ ಬರುವ ಕೊನೆ ಬಸ್ ಎಷ್ಟಕ್ಕೆ ಅಂತ ಕಂಡಕ್ಟರ್ ಹತ್ತಿರ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ರೆಕಾರ್ಡ್ ಪುಸ್ತಕ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಇರಲಿ.