ನೀರಿನಲ್ಲಿ ಕರಗಿದ ಟಾಲ್ಯೂಯಿನ್ ಪತ್ತೆಗೆ ಪಾಲಿಮರ್ ಲೇಪಿತ ಅವಕೆಂಪು ಸಂವೇದಕ

ನೀರು ಅವಕೆಂಪು ಬೆಳಕನ್ನು ವಿಪರೀತವಾಗಿ ಹೀರುವುದರಿಂದ, ಪೆಟ್ರೋಲಿನಲ್ಲಿರುವ, ಅದರಲ್ಲಿ ಅಲ್ಪವಾಗಿ ಕರಗುವ ದ್ರಾವಕವಾದ ಟಾಲ್ಯೂಯಿನ್‌ನ ಗುರುತು ರೋಹಿತದಲ್ಲಿ (ಯಾವ ಬೆಳಕು ಎಷ್ಟು ಹೀರಲ್ಪಟ್ಟಿತೆಂಬ ನಕ್ಷೆಯಲ್ಲಿ) ನೇರವಾಗಿ ಕಾಣುವುದಿಲ್ಲ. ನೀರನ್ನು ದೂರವಿಟ್ಟು ಟಾಲ್ಯೂಯಿನನ್ನು ಒಳಸೆಳೆಯುವ ಪಾಲಿಮರ್ ಪದರವೊಂದನ್ನು ಎಟಿಆರ್ ಸ್ಫಟಿಕಕ್ಕೆ (ಬೆಳಕು ಒಳಗೇ ಪ್ರತಿಫಲಿಸುತ್ತಾ ಮೇಲ್ಮೈಯಾಚೆ ತುಸು ಮಾತ್ರ ಇಣುಕುವ ಸ್ಫಟಿಕಕ್ಕೆ) ಲೇಪಿಸಿದರೆ ಈ ತೊಡಕು ನೀಗುತ್ತದೆ. ನನ್ನ ಆಯ್ಕೆ ಪಾಲಿಐಸೊಬ್ಯುಟಿಲೀನ್. ಕೋಣೆಯ ಉಷ್ಣತೆಯಲ್ಲಿ ಅದು ರಬ್ಬರಿನ ಸ್ಥಿತಿಯಲ್ಲಿರುವುದರಿಂದ ಅಣುಗಳು ಬೇಗ ಒಳಹರಡುತ್ತವೆ, ಮೇಲಾಗಿ ಟಾಲ್ಯೂಯಿನ್ ಗುರುತು ಕಾಣುವ 650ರಿಂದ 800 ಸೆಂ.ಮೀ.⁻¹ (ಒಂದು ಸೆಂಟಿಮೀಟರಿನಲ್ಲಿರುವ ತರಂಗಗಳ ಸಂಖ್ಯೆ) ವಲಯದಲ್ಲಿ ಅದರ ಪ್ರಬಲ ಹೀರಿಕೆ ಪಟ್ಟಿಗಳಿಲ್ಲ.

ಇಡೀ ಕೆಲಸದ ಯಶಸ್ಸು ಪದರದ ದಪ್ಪವನ್ನೇ ಅವಲಂಬಿಸಿದೆ. 45 ಡಿಗ್ರಿ ಕೋನದ ಝಿಂಕ್ ಸೆಲೆನೈಡ್ ಸ್ಫಟಿಕದಲ್ಲಿ, ಟಾಲ್ಯೂಯಿನ್‌ನ 728 ಸೆಂ.ಮೀ.⁻¹ ಪಟ್ಟಿಯ ಬಳಿ, ಬೆಳಕು ಪಾಲಿಮರ್‌ನೊಳಗೆ ಇಳಿಯುವ ಆಳ ಸುಮಾರು 2.8 ಮೈಕ್ರೊಮೀಟರ್. ಪದರ ಇದರ ಮೂರು ಪಟ್ಟು, ಅಂದರೆ ಸುಮಾರು 8 ಮೈಕ್ರೊಮೀಟರ್ ಇದ್ದರೆ ಬೆಳಕು ನೀರನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಆದರೆ ದಪ್ಪ ಇಮ್ಮಡಿಯಾದರೆ ಟಾಲ್ಯೂಯಿನ್ ಪದರದೊಳಗೆ ಹರಡಿ ಸಮತೋಲಕ್ಕೆ ಬರಲು ಬೇಕಾದ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಇದಕ್ಕಿಂತ ದಪ್ಪವಾಗಿ ಬಳಿಯುವುದು ವ್ಯರ್ಥ. 7 ಚದರ ಸೆಂ.ಮೀ. ಮೇಲ್ಮೈಗೆ, ಹೆಕ್ಸೇನ್‌ನಲ್ಲಿ ಕರಗಿಸಿದ ಶೇ. 1ರ ದ್ರಾವಣದ ಅರ್ಧ ಮಿಲಿಲೀಟರ್ ಸಾಕು. ಸ್ಫಟಿಕವನ್ನು ಸಮತಟ್ಟಾಗಿಟ್ಟು, ಧೂಮಕಪಾಟಿನೊಳಗೆ ನಿಧಾನವಾಗಿ ಆರಲು ಬಿಡಿ.

ಬಳಿಕ ಸ್ಫಟಿಕದ ಮೇಲೆ ನೀರು ಹರಿಯುವ ಹರಿವುಕೋಶವನ್ನು ಜೋಡಿಸಿ, ಶುದ್ಧ ನೀರನ್ನು ಹರಿಸುತ್ತಾ ರೋಹಿತ ಸ್ಥಿರವಾಗುವವರೆಗೆ ಕಾಯಿರಿ, 1640 ಸೆಂ.ಮೀ.⁻¹ ಬಳಿ ನೀರಿನ ಪಟ್ಟಿ ಬೆಳೆಯುತ್ತಲೇ ಹೋದರೆ ಪದರ ಬಿರುಕುಬಿಟ್ಟಿದೆ ಅಥವಾ ಕಳಚುತ್ತಿದೆ ಎಂದರ್ಥ, ಅದನ್ನು ತೆಗೆದು ಮತ್ತೆ ಲೇಪಿಸಬೇಕು. ಸಿಲಿಕೋನ್ ಕೊಳವೆ ಬೇಡ, ಅದೂ ಟಾಲ್ಯೂಯಿನನ್ನು ಹೀರುತ್ತದೆ. ಉಕ್ಕು ಅಥವಾ ಟೆಫ್ಲಾನ್ ಇರಲಿ. ಮಾದರಿ ಸೀಸೆಯನ್ನು ಗಾಳಿಗೆ ಜಾಗವಿಲ್ಲದಂತೆ ಕಂಠಪೂರ್ತಿ ತುಂಬಿಸಿ, ಇಲ್ಲವಾದರೆ ಅಳೆಯಬೇಕಾದದ್ದೇ ಆವಿಯಾಗಿ ಹೋಗುತ್ತದೆ. 4 ಸೆಂ.ಮೀ.⁻¹ ಪೃಥಕ್ಕರಣದಲ್ಲಿ (ರೆಸಲ್ಯೂಷನ್) ರೋಹಿತಗಳನ್ನು ದಾಖಲಿಸುತ್ತಾ, ಪಟ್ಟಿಯ ವಿಸ್ತೀರ್ಣ ಏರುವುದು ನಿಂತ ಮೇಲಿನ ಮೌಲ್ಯವನ್ನು ಮಾತ್ರ ಪರಿಗಣಿಸಿ. ಪ್ರಮಾಣ ದ್ರಾವಣಗಳನ್ನೂ (ಟಾಲ್ಯೂಯಿನ್ ಎಷ್ಟಿದೆಯೆಂದು ಮೊದಲೇ ತಿಳಿದಿರುವವು) ಅದೇ ಉಷ್ಣತೆಯಲ್ಲಿ ಅಳೆಯಬೇಕು, ಏಕೆಂದರೆ ಉಷ್ಣತೆ ಬದಲಾದರೆ ನೀರು ಮತ್ತು ಪಾಲಿಮರ್‌ಗಳ ನಡುವಿನ ಹಂಚಿಕೆಯೂ ಬದಲಾಗುತ್ತದೆ.

ಪಾಲಿಮರ್ ನೀರನ್ನು ತಡೆಯುತ್ತದೆಯೇ ಹೊರತು ಬೆಂಜೀನ್, ಝೈಲೀನ್‌ಗಳನ್ನು ತಡೆಯುವುದಿಲ್ಲ. ಅವುಗಳನ್ನು ಬೇರ್ಪಡಿಸಿ ತೋರಿಸುವುದು ರೋಹಿತ: ಬೆಂಜೀನ್ 675ರ ಬಳಿ, ಆರ್ಥೊ, ಮೆಟಾ ಮತ್ತು ಪ್ಯಾರಾ ಝೈಲೀನ್‌ಗಳು ಕ್ರಮವಾಗಿ 741, 768, 795ರ ಬಳಿ ಕಾಣಿಸುತ್ತವೆ. ಒಂದೇ ಲೇಪನದಲ್ಲಿ ಇಷ್ಟನ್ನೂ ಒಟ್ಟಿಗೆ ಗುರುತಿಸಬಹುದೆಂಬುದೇ ಈ ವಿಧಾನದ ನಿಜವಾದ ಬಲ. ಅಳತೆಯ ನಂತರ ಶುದ್ಧ ನೀರನ್ನು ಹರಿಸಿದರೆ ಪದರ ಮರುಬಳಕೆಗೆ ಸಿದ್ಧವಾಗುತ್ತದೆ. ಆಮ್ಲದಿಂದ ಮಾತ್ರ ಎಂದಿಗೂ ತೊಳೆಯಬೇಡಿ. ಝಿಂಕ್ ಸೆಲೆನೈಡ್ ಹಾಳಾಗುವುದಲ್ಲದೆ ವಿಷಾನಿಲವೂ ಹೊರಬರಬಹುದು.

ಲೀಟರಿಗೆ ಮಿಲಿಗ್ರಾಂ ಮಟ್ಟದ ಮಾಲಿನ್ಯಕ್ಕೆ, ಉದಾಹರಣೆಗೆ ಪೆಟ್ರೋಲ್ ಸೋರಿಕೆಯಾದ ಅಂತರ್ಜಲದ ನಿಗಾವಣೆಗೆ, ಈ ಸಂವೇದಕ ಚೆನ್ನಾಗಿ ಹೊಂದುತ್ತದೆ. ಕುಡಿಯುವ ನೀರಿನ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಲೀಟರಿಗೆ 10 ಮೈಕ್ರೊಗ್ರಾಂ ಮಿತಿಯನ್ನು ಪರಿಶೀಲಿಸಲು ಗ್ಯಾಸ್ ಕ್ರೊಮಟೋಗ್ರಫಿಯನ್ನೇ ಬಳಸಬೇಕು.