ಕಪ್ಪಾಗಬೇಕು, ಕರಟಬಾರದು: ಲೂಸಿಯಾನಾದ ಮೀನು, ಪಕ್ಕದಲ್ಲಿ ಮಾವಿನಹಣ್ಣು

ನಮ್ಮ ಕುಂದಾಪುರದ ಕಡೆ ಮೀನು ಕಾಯಿಸುವುದು ನಿಧಾನದ ಕೆಲಸ. ಒಣಮೆಣಸು, ಹುಣಸೆಹಣ್ಣು, ಬೆಳ್ಳುಳ್ಳಿ ಹಾಕಿ ನುಣ್ಣಗೆ ಮಸಾಲೆ ಅರೆಯಬೇಕು. ಮೀನಿಗೆ ಹಚ್ಚಿ ಅರ್ಧ ಗಂಟೆ ಇಡಬೇಕು. ಆಮೇಲೆ ಕಾವಲಿ, ತೆಂಗಿನೆಣ್ಣೆ, ಸಣ್ಣ ಉರಿ. ಅಂಚು ಸ್ವಲ್ಪ ಕಪ್ಪಾದರೂ ಅಮ್ಮ ಒಳಗಿನಿಂದಲೇ ಕೂಗುತ್ತಿದ್ದರು, "ಮಗಾ, ಮೀನ್ ಕರಟಿ ಹೋಯ್ತಲ್ದಾ?"

ಈ ಕೂಗು ಕಿವಿಯಲ್ಲಿ ಇಟ್ಟುಕೊಂಡೇ ನಾನು ಅಮೆರಿಕದ ಲೂಸಿಯಾನಾಕ್ಕೆ ಬಂದೆ. ನಮ್ಮನೆಯವರಿಗೆ ಬ್ಯಾಟನ್ ರೂಜ್‌ನಲ್ಲಿ ಕೆಲಸ. ಪಕ್ಕದ ಮನೆಯಲ್ಲಿ ಲಾಫಯೆಟ್ ಕಡೆಯ ಒಬ್ಬ ಅಜ್ಜ ಇದ್ದರು. ಒಂದು ಭಾನುವಾರ ಅವರ ಹಿತ್ತಲಿಗೆ ಊಟಕ್ಕೆ ಕರೆದರು. ಸಿಗಡಿಯಂಥ ಕ್ರಾಫಿಶ್ ಬೇಯಿಸುವ ದೊಡ್ಡ ಗ್ಯಾಸ್ ಒಲೆಯ ಮೇಲೆ ಬರಿಯ ಬಾಣಲೆ ಇಟ್ಟು ಹತ್ತು ನಿಮಿಷ ಸುಮ್ನೆ ಕಾಯಿಸಿದರು. ಮೀನು ಹಾಕಿದ್ದೇ ತಡ, ಬಿಳಿ ಹೊಗೆ ಎದ್ದಿತು. ತಟ್ಟೆಗೆ ಬಂದ ತುಂಡು ಇದ್ದಿಲಿನಷ್ಟು ಕಪ್ಪಾಗಿತ್ತು. ಪಾಪ, ಕರಟಿ ಹೋಯಿತು, ಹೇಗೆ ಹೇಳಲಿ ಅಂದುಕೊಂಡೆ. ಬಾಯಿಗಿಟ್ಟರೆ ಒಂಚೂರೂ ಕಹಿ ಇಲ್ಲ. ಮೇಲೆ ಹುರಿದ ಮೆಣಸಿನ ಪದರ, ಒಳಗೆ ಬೆಣ್ಣೆಯಂಥ ಬಿಳಿ ಮೀನು. ಆವತ್ತೇ ಇದನ್ನು ಕಲಿಯಬೇಕು ಅನ್ನಿಸಿತು.

ಇದು ಅಜ್ಜ ಮುತ್ತಜ್ಜರ ಕಾಲದ ಕೇಜನ್ ಅಡುಗೆ, ಅಂದರೆ ಲೂಸಿಯಾನಾದ ಫ್ರೆಂಚ್ ಮೂಲದವರ ಅಡುಗೆ ಅಂತಲೇ ನಾನು ತಿಳಿದಿದ್ದೆ. ಅಜ್ಜ ಅಲ್ಲ ಅಂತ ತಲೆಯಾಡಿಸಿದರು. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಯಾರೂ ಹೀಗೆ ಮೀನು ಮಾಡುತ್ತಿರಲಿಲ್ಲವಂತೆ. ಇದನ್ನು ಲೋಕಕ್ಕೆ ತೋರಿಸಿದವರು ಪಾಲ್ ಪ್ರುಡೋಮ್ ಎಂಬ ಬಾಣಸಿಗ. 1940ರಲ್ಲಿ ಒಪೆಲೂಸಸ್ ಕಡೆಯ ಬಡ ರೈತರ ಮನೆಯಲ್ಲಿ ಹುಟ್ಟಿದವರು, 13 ಮಕ್ಕಳಲ್ಲಿ ಕೊನೆಯವರು. 1979ರಲ್ಲಿ ಹೆಂಡತಿಯ ಜೊತೆ ಸೇರಿ ನ್ಯೂ ಆರ್ಲಿಯನ್ಸ್‌ನ ಫ್ರೆಂಚ್ ಕ್ವಾರ್ಟರ್‌ನಲ್ಲಿ ಕೆ-ಪಾಲ್ಸ್ ಎಂಬ ಹೋಟೆಲು ತೆರೆದರು. ಅಲ್ಲಿನ ಬ್ಲ್ಯಾಕನ್ಡ್ ರೆಡ್‌ಫಿಶ್, ಅಂದರೆ ಹೀಗೆ ಕಪ್ಪಾಗಿಸಿದ ರೆಡ್‌ಫಿಶ್ ಮೀನು, ಕೆಲವೇ ವರ್ಷಗಳಲ್ಲಿ ಅಮೆರಿಕದ ತುಂಬಾ ಹರಡಿತು. ಎಷ್ಟರ ಮಟ್ಟಿಗೆ ಅಂದರೆ, ಮೆಕ್ಸಿಕೊ ಕೊಲ್ಲಿಯಲ್ಲಿ ಬಲೆ ಹಾಕುವವರು ಆ ಒಂದೇ ಮೀನಿನ ಹಿಂದೆ ಬಿದ್ದರು. ಮೀನು ಕಡಿಮೆಯಾಗುವ ಭಯಕ್ಕೆ 1980ರ ದಶಕ ಮುಗಿಯುವ ಮೊದಲೇ ಸರ್ಕಾರ ಅದನ್ನು ಹಿಡಿಯುವುದಕ್ಕೆ ತಡೆ ಹಾಕಬೇಕಾಯಿತು. ಒಂದು ಅಡುಗೆ ಒಂದು ಮೀನಿಗೆ ಇಷ್ಟು ಭಾರವಾಯಿತಲ್ಲ ಅಂತ ನನಗೆ ಈಗಲೂ ಬೇಸರ.

ರೆಡ್‌ಫಿಶ್ ಬಗ್ಗೆ ಇನ್ನೊಂದು ಮಾತು. ಅದರ ಸರಿಯಾದ ಹೆಸರು ರೆಡ್ ಡ್ರಮ್. ಬಾಲದ ಬುಡದಲ್ಲಿ ಕಪ್ಪು ಬೊಟ್ಟು ಇರುತ್ತದೆ. ಹೊಟ್ಟೆಯೊಳಗಿನ ಗಾಳಿಚೀಲ ಅದುರಿಸಿ ಡೋಲು ಬಡಿದ ಹಾಗೆ ಸದ್ದು ಮಾಡುತ್ತದೆ, ಅದಕ್ಕೇ ಆ ಹೆಸರು. ನಮ್ಮ ಕರಾವಳಿಯ ಕೊಡ್ಡಾಯಿ ಕೂಡ ಅದೇ ಕುಟುಂಬದ್ದು. ಇದು ಗೊತ್ತಾದಾಗ ದೂರದ ಊರಿನಲ್ಲಿ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಈಗ ಅಂಗಡಿಯಲ್ಲಿ ಸಾಕಿದ ರೆಡ್‌ಫಿಶ್ ಸಿಗುತ್ತದೆ, ಬೆಲೆ ಜಾಸ್ತಿ. ನಾನು ವಾರದ ಅಡುಗೆಗೆ ಕೆರೆಯಲ್ಲಿ ಸಾಕಿದ ಕ್ಯಾಟ್‌ಫಿಶ್ ತರುತ್ತೇನೆ. ಯಾವ ಮೀನಾದರೂ ತುಂಡು ಅರ್ಧ ಇಂಚು ದಪ್ಪ ಇರಲಿ. ಮುಕ್ಕಾಲು ಇಂಚು ದಾಟಿದರೆ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ.

ನಾನು ಮೊದಲ ಸಲ ಮಾಡಿದಾಗ ಎಲ್ಲವೂ ತಪ್ಪಿತು. ಕೈ ಊರಿನ ಅಭ್ಯಾಸವನ್ನು ಬಿಡಲಿಲ್ಲ. ಮಸಾಲೆಗೆ ನಿಂಬೆರಸ ಹಾಕಿ ಕಲಸಿ, ಮೀನಿಗೆ ಹಚ್ಚಿ ಇಟ್ಟೆ. ಒದ್ದೆ ಮಸಾಲೆ ಬಾಣಲೆಗೆ ಬಿದ್ದ ಕೂಡಲೇ ನೀರು ಬಿಟ್ಟಿತು. ಮೀನು ಬೆಂದಿತು, ಕಪ್ಪಾಗಲಿಲ್ಲ. ಕಪ್ಪಾಗಲಿ ಅಂತ ಇನ್ನೂ ಐದು ನಿಮಿಷ ಬಿಟ್ಟೆ. ಮಸಾಲೆ ತಳಕ್ಕೆ ಅಂಟಿ ಅಲ್ಲೇ ಕರಟಿತು, ಮೀನು ಒಣಗಿ ನಾರಾಯಿತು.

ಎರಡನೇ ಸಲ ಮಸಾಲೆ ಒಣಗಿಸಿಯೇ ಇಟ್ಟೆ, ಆದರೆ ಬೆಣ್ಣೆಯ ಬದಲು ತುಪ್ಪ ಬಳಸಿದೆ. ತುಪ್ಪ ಬೇಗ ಸೀಯುವುದಿಲ್ಲ, ಹೊಗೆಯೂ ಕಡಿಮೆ, ಒಳ್ಳೆಯದೇ ಅಲ್ವಾ ಅಂತ ಯೋಚನೆ. ಮೀನು ಚೆನ್ನಾಗಿತ್ತು. ಬಣ್ಣ ಮಾತ್ರ ಇಟ್ಟಿಗೆ ಕೆಂಪಿಗೇ ನಿಂತಿತು. ಅಜ್ಜನನ್ನು ಕೇಳಿದಾಗ ನಕ್ಕು, ಕಪ್ಪು ಮಾಡುವುದನ್ನೇ ನೀನು ಸೋಸಿ ಎಸೆದಿದ್ದೀಯಲ್ಲ, ಶಾ, ಅಂದರು. ಶಾ ಅನ್ನುವುದು ಅವರ ಕಡೆ ಅಕ್ಕರೆಯ ಮಾತು. ಬೆಣ್ಣೆ ಕಾಸಿದಾಗ ತಳದಲ್ಲಿ ಕಂದು ಗಸಿ ನಿಲ್ಲುತ್ತದಲ್ಲ, ಆ ಹಾಲಿನ ಅಂಶವೇ ಬಿಸಿ ಬಾಣಲೆಯಲ್ಲಿ ಮಸಾಲೆಯ ಜೊತೆ ಸೇರಿ ಕಪ್ಪು ಪದರ ಕಟ್ಟುವುದು. ತುಪ್ಪದಲ್ಲಿ ಅದು ಇರುವುದಿಲ್ಲ. ಚಿಕ್ಕಂದಿನಿಂದ ತುಪ್ಪ ಕಾಸುವುದನ್ನು ನೋಡಿದ ನನಗೆ ಇದು ಹೊಳೆದಿರಲಿಲ್ಲ. ಹಾಗಾಗಿ ಈಗ ಉಪ್ಪಿಲ್ಲದ ಬೆಣ್ಣೆಯೇ. ನಾಲ್ಕು ತುಂಡಿಗೆ ಸುಮಾರು 70 ಗ್ರಾಂ ಕರಗಿಸಿಕೊಳ್ಳುತ್ತೇನೆ.

ಮಸಾಲೆಗೆ ನನ್ನ ಅಳತೆ ಹೀಗಿದೆ. ಬ್ಯಾಡಗಿ ಮೆಣಸಿನ ಪುಡಿ 3 ಚಿಕ್ಕ ಚಮಚ, ಖಾರದ ಗುಂಟೂರು ಪುಡಿ ಅಥವಾ ಅಲ್ಲಿನ ಕಯೆನ್ 1, ಈರುಳ್ಳಿ ಪುಡಿ 1, ಬೆಳ್ಳುಳ್ಳಿ ಪುಡಿ 1, ಒಳ್ಳೆಮೆಣಸಿನ (ಕರಿಮೆಣಸಿನ) ಪುಡಿ ಮುಕ್ಕಾಲು, ಬೋಳ್ಕಾಳು (ಬಿಳಿ ಕಾಳುಮೆಣಸು) ಪುಡಿ ಅರ್ಧ, ಒಣಗಿದ ಥೈಮ್ ಸೊಪ್ಪು ಅರ್ಧ, ಒರೆಗಾನೊ ಅರ್ಧ, ಉಪ್ಪು ಒಂದೂವರೆ. ಲೂಸಿಯಾನಾದವರು ಬ್ಯಾಡಗಿಯ ಜಾಗದಲ್ಲಿ ಪಾಪ್ರಿಕಾ ಹಾಕುತ್ತಾರೆ. ಎರಡರದ್ದೂ ಒಂದೇ ಗುಣ, ಬಣ್ಣ ಜಾಸ್ತಿ, ಖಾರ ಕಡಿಮೆ. ನನಗೆ ಬ್ಯಾಡಗಿಯ ಪರಿಮಳವೇ ಮೇಲು. ಬೋಳ್ಕಾಳು ಬಿಡಬೇಡಿ. ಒಣಮೆಣಸು ನಾಲಿಗೆಗೆ ತಾಗುತ್ತದೆ, ಒಳ್ಳೆಮೆಣಸು ಮೂಗಿಗೆ ಏರುತ್ತದೆ, ಬೋಳ್ಕಾಳಿನ ಖಾರ ನುಂಗಿದ ಮೇಲೆ ಗಂಟಲಲ್ಲಿ ನಿಧಾನಕ್ಕೆ ಬರುತ್ತದೆ. ಮೂರೂ ಇದ್ದರೇ ಖಾರ ತುಂಬಿ ಬರುವುದು. ಹಸಿ ಬೆಳ್ಳುಳ್ಳಿ, ಹಸಿ ಈರುಳ್ಳಿ ಇಲ್ಲಿ ಬೇಡ. ಅವು ನೀರು ಬಿಡುತ್ತವೆ.

ಬಾಣಲೆ ಬೀಡಿನದ್ದೇ ಆಗಬೇಕು. ನಾನ್‌ಸ್ಟಿಕ್ ಪಾತ್ರೆಯಲ್ಲಿ ದಯವಿಟ್ಟು ಇದನ್ನು ಮಾಡಬೇಡಿ. ಅಷ್ಟು ಶಾಖಕ್ಕೆ ಅದರ ಲೇಪ ಕೆಟ್ಟು ವಿಷದ ಹೊಗೆ ಬರುತ್ತದೆ. ಬೀಡಿನ ಬಾಣಲೆಯನ್ನು ಒಣಗಿದ್ದ ಹಾಗೇ, ಎಣ್ಣೆ ಹಾಕದೆ, ದೊಡ್ಡ ಉರಿಯಲ್ಲಿ ಎಂಟು ಹತ್ತು ನಿಮಿಷ ಕಾಯಿಸುತ್ತೇನೆ. ದೋಸೆಗೆ ನೀರು ಚಿಮುಕಿಸಿ ನೋಡುವ ಲೆಕ್ಕ ಇಲ್ಲಿ ಸಾಲದು. ಒಂದು ಚಿಟಿಕೆ ಮಸಾಲೆ ಹಾಕಿದರೆ ಹಾಕಿದ ಕ್ಷಣವೇ ಹೊಗೆಯಾಡಬೇಕು. ಆ ಹೊತ್ತಿಗೆ ಮೀನು ತಯಾರಿರಬೇಕು. ಕಾಗದದಲ್ಲಿ ಒತ್ತಿ ಒತ್ತಿ ನೀರು ತೆಗೆದು, ಬೆಣ್ಣೆಯಲ್ಲಿ ಅದ್ದಿ, ಮಸಾಲೆಯನ್ನು ಎರಡೂ ಕಡೆ ಉದುರಿಸಿ ಅಂಗೈಯಲ್ಲಿ ಮೆಲ್ಲಗೆ ತಟ್ಟಬೇಕು. ಮೀನು ಸ್ವಲ್ಪ ತಣ್ಣಗಿದ್ದರೆ ಬೆಣ್ಣೆ ಅದರ ಮೇಲೆಯೇ ಗಟ್ಟಿಯಾಗಿ ಮಸಾಲೆಯನ್ನು ಹಿಡಿದುಕೊಳ್ಳುತ್ತದೆ. ಮಸಾಲೆ ಹಚ್ಚಿದ ಮೇಲೆ ಕಾಯುತ್ತಾ ಕೂರಬೇಡಿ, ಉಪ್ಪಿಗೆ ಮೀನು ನೀರು ಬಿಡಲು ಶುರುಮಾಡುತ್ತದೆ. ನೇರ ಬಾಣಲೆಗೆ. ಒಂದು ಸಲಕ್ಕೆ ಎರಡೇ ತುಂಡು.

ಎರಡು ನಿಮಿಷ ಮುಟ್ಟಬಾರದು. ನನಗೆ ಇದೇ ಕಷ್ಟದ ಭಾಗ. ಹೊಗೆ ನೋಡಿದರೆ ಕೈ ತಾನಾಗಿ ಸಟ್ಟುಗದ ಕಡೆ ಹೋಗುತ್ತದೆ. ಬೇಗ ಎತ್ತಿದರೆ ಪದರ ಬಾಣಲೆಗೇ ಅಂಟಿ ಉಳಿಯುತ್ತದೆ. ಪದರ ಕಟ್ಟಿದ ಮೇಲೆ ಮೀನು ತಾನಾಗಿ ಬಿಡುತ್ತದೆ. ತಿರುಗಿಸಿ ಇನ್ನೊಂದೂವರೆಯಿಂದ ಎರಡು ನಿಮಿಷ. ಕರಟಿತೋ ಕಪ್ಪಾಯಿತೋ ಅಂತ ಕಣ್ಣಿಗಿಂತ ಮೂಗು ಬೇಗ ಹೇಳುತ್ತದೆ. ಹುರಿದ ಮೆಣಸು, ಹುರಿದ ಬೆಣ್ಣೆಯ ವಾಸನೆ ಇದ್ದರೆ ಸರಿ. ಕಾಗದ ಸುಟ್ಟ ವಾಸನೆ ಬಂದರೆ ಮುಗಿಯಿತು. ಒಂದು ಸುತ್ತು ಆದ ಮೇಲೆ ಬಾಣಲೆಯನ್ನು ಕಾಗದದಿಂದ, ಇಕ್ಕಳದಲ್ಲಿ ಹಿಡಿದು, ಒರೆಸಿಯೇ ಮುಂದಿನ ಸುತ್ತು. ಇಲ್ಲದಿದ್ದರೆ ಹಳೇ ಮಸಾಲೆ ಕರಟಿ ಹೊಸ ಮೀನಿಗೆ ಕಹಿ ಹತ್ತುತ್ತದೆ.

ಹೊಗೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಅಪಾರ್ಟ್‌ಮೆಂಟಿನಲ್ಲಿದ್ದಾಗ ಒಂದು ಸಲ ಒಳಗೆ ಮಾಡಿದೆ. ಮೆಣಸಿನ ಘಾಟಿಗೆ ಮಗಳು ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿ ಹೊರಗೆ ಓಡಿದಳು. ಹೊಗೆಯ ಅಲಾರಂ ಕೂಗಿ ಮೇಲಿನ ಮನೆಯವರೂ ಇಳಿದು ಬಂದರು. ಮಗುವಿನ ಆ ಕಣ್ಣು ನೋಡಿ ನನಗೆ ತುಂಬಾ ನೋವಾಯಿತು. ಆಮೇಲೆ ಒಳಗೆ ಮಾಡಿಲ್ಲ. ಹಿತ್ತಲೋ, ತಾರಸಿಯೋ, ಹೊರಗೇ ಒಲೆ ಹಚ್ಚಿ. ಬೆಣ್ಣೆ ಉರಿ ಹಿಡಿಯಬಹುದು, ಹಾಗಾಗಿ ಬಾಣಲೆಗೆ ಸರಿಹೊಂದುವ ಮುಚ್ಚಳ ಕೈಗೆಟಕುವಂತಿರಲಿ. ನೀರು ಮಾತ್ರ ಸುರಿಯಬಾರದು.

ಇನ್ನು ಹಣ್ಣು. ಅಜ್ಜ ಮೀನಿನ ಜೊತೆ ಬರಿ ಅನ್ನ ಮತ್ತು ಕರಗಿಸಿದ ಬೆಣ್ಣೆ ಕೊಟ್ಟಿದ್ದರು. ಇಷ್ಟು ಖಾರಕ್ಕೆ ಪಕ್ಕದಲ್ಲಿ ಸಿಹಿ ಹುಳಿ ಏನಾದರೂ ಇರಬೇಕು ಅಂತ ನನಗೆ ಅನ್ನಿಸುತ್ತಲೇ ಇತ್ತು. ಮೊದಲು ಮಾಡಿದ್ದು ನಮ್ಮ ಕಡೆಯ ಅನಾನಸ್ ಮೆಣಸ್ಕಾಯಿ. ಎಳ್ಳು ಹುರಿದು, ಬೆಲ್ಲ ಹಾಕಿ, ಪ್ರೀತಿಯಿಂದ ಮಾಡಿದೆ. ಮೆಣಸ್ಕಾಯಿ ಚೆನ್ನಾಗಿತ್ತು, ಮೀನೂ ಚೆನ್ನಾಗಿತ್ತು, ಒಟ್ಟಿಗೆ ತಿಂದರೆ ಎರಡೂ ಜಗಳ ಆಡಿದವು. ಮಸಾಲೆಯ ಮೇಲೆ ಮಸಾಲೆ, ಹುರಿದದ್ದರ ಮೇಲೆ ಹುರಿದದ್ದು. ಮೀನು ಅಷ್ಟು ಜೋರಾಗಿ ಮಾತಾಡುವಾಗ ಹಣ್ಣು ಸುಮ್ಮನಿರಬೇಕು. ಬೇಯಿಸದೆ, ಒಗ್ಗರಣೆ ಇಲ್ಲದೆ, ತಣ್ಣಗೆ.

ಈಗ ಮಾಡುವುದು ಇಷ್ಟೇ. ಮೆಕ್ಸಿಕೊದಿಂದ ಬರುವ ಹಳದಿ ಅತಾಲ್ಫೊ ಮಾವಿನಹಣ್ಣು ಎರಡು. ಪೂರ್ತಿ ಕಳಿತದ್ದು ಬೇಡ, ಹೆಬ್ಬೆರಳಿಗೆ ಸ್ವಲ್ಪ ಗಟ್ಟಿ ಸಿಗಬೇಕು. ಕಡಲೆಬೀಜದ ಗಾತ್ರಕ್ಕೆ ಹೆಚ್ಚಿ, ಅರ್ಧ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ನೀರಲ್ಲಿ ತೊಳೆದು ಹಿಂಡಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಒಂದು ನಿಂಬೆಹಣ್ಣಿನ ರಸ. ಹಸಿಮೆಣಸು ಹಾಕುವುದಿಲ್ಲ. ಉಪ್ಪನ್ನು ಬಡಿಸುವ ಹತ್ತು ನಿಮಿಷ ಮೊದಲು ಮಾತ್ರ ಹಾಕುತ್ತೇನೆ, ಇಲ್ಲದಿದ್ದರೆ ಬಟ್ಟಲ ತುಂಬ ನೀರು. ಮೀನಿನ ಮೇಲೆ ಸುರಿಯುವುದು ನೋಡಲು ಚೆಂದ, ಆದರೆ ಕಷ್ಟಪಟ್ಟು ಕಟ್ಟಿದ ಪದರ ಎರಡೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಪಕ್ಕದಲ್ಲಿ ಬಡಿಸಿ. ಚಳಿಗಾಲಕ್ಕೆ ಮೊದಲು ಲೂಸಿಯಾನಾದ ಪ್ಲಾಕ್ಮಿನ್ಸ್ ಕಡೆಯ ಸತ್ಸುಮಾ ಕಿತ್ತಳೆ ಬರುತ್ತದೆ. ಸಿಪ್ಪೆ ಸಡಿಲ, ಬೀಜ ಇಲ್ಲವೆಂದೇ ಹೇಳಬೇಕು. ಅದರ ತೊಳೆಗಳನ್ನು ಮುರಿದು ಹೀಗೆಯೇ ಮಾಡಿದರೆ ನನ್ನ ಮಟ್ಟಿಗೆ ಮಾವಿಗಿಂತ ಒಂದು ಕೈ ಮೇಲು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಮ್ಮನಿಗೆ ಮಾಡಿ ಬಡಿಸಿದೆ. ಮೇ ಕೊನೆಯ ವಾರ. ಜೂನ್ 1ರಿಂದ ಯಾಂತ್ರಿಕ ದೋಣಿಗಳಿಗೆ ರಜೆ, ಅದಕ್ಕೇ ಅವಸರದಲ್ಲಿ ಅಂಜಲ್ ತಂದೆವು. ದೋಸೆಯ ಕಾವಲಿಯನ್ನು ಮೀನಿಗೆ ಅಮ್ಮ ಯಾವತ್ತೂ ಕೊಟ್ಟವರಲ್ಲ. ಮೀನಿನ ಬೀಡಿನ ಕಾವಲಿಯನ್ನೇ ಅಂಗಳದ ಕಟ್ಟಿಗೆ ಒಲೆಗೆ ಏರಿಸಿದೆ. ಥೈಮ್ ಇರಲಿಲ್ಲ, ಓಮವನ್ನು ಕೈಯಲ್ಲಿ ತಿಕ್ಕಿ ಹಾಕಿದೆ. ಎರಡರಲ್ಲೂ ಥೈಮಾಲ್ ಎಂಬ ಒಂದೇ ಅಂಶ ಇರುವುದರಿಂದ ಪರಿಮಳ ಹತ್ತಿರ ಬರುತ್ತದೆ, ಆದರೆ ಓಮ ಜೋರು, ಕಾಲು ಚಮಚ ಸಾಕು. ಬೆಣ್ಣೆ ಮನೆಯಲ್ಲೇ ಕಡೆದದ್ದು, ನೀರು ಜಾಸ್ತಿ, ಹಾಗಾಗಿ ಮೊದಲು ಸ್ವಲ್ಪ ಕುದಿಸಿ ನೀರು ಹೋಗಿಸಿಕೊಂಡೆ. ಅದಕ್ಕೆ ಪಕ್ಕದಲ್ಲಿ ಮುಂಡಪ್ಪ ಮಾವಿನಹಣ್ಣು.

ಕಪ್ಪು ತುಂಡು ತಟ್ಟೆಗೆ ಬಂದಾಗ ಅಮ್ಮ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಒಂದು ಚೂರು ಮುರಿದು, ಹಣ್ಣಿನ ಜೊತೆ ಬಾಯಿಗಿಟ್ಟು, ನಿಧಾನಕ್ಕೆ ಜಗಿದರು. "ಇದ್ ಕರಟಿದ್ದಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಉಳಿದ ಎರಡು ತುಂಡು ಮುಚ್ಚಿಡು, ನಾಳೆ ಬೆಳಿಗ್ಗೆ ಗಂಜಿಗಾಯಿತು ಅಂದರು.