ರಸೆಲ್ ಓದುವುದು ಎಲ್ಲಿಂದ ಶುರು ಮಾಡಬೇಕು?

ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರನ್ನು ಓದಬೇಕು ಅಂತ ಆಸೆ ಇರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ದಪ್ಪ ಪುಸ್ತಕ ಕೊಳ್ಳಬೇಡಿ. ಅವರು ಹುಟ್ಟಿದ್ದು 1872ರಲ್ಲಿ, ತೀರಿಕೊಂಡದ್ದು 1970ರಲ್ಲಿ. ಬರೆದ ಪುಸ್ತಕ ಅರವತ್ತಕ್ಕೂ ಜಾಸ್ತಿ. ಗಣಿತ, ತರ್ಕ, ಮದುವೆ, ಶಾಲೆ, ದೇವರು, ಸುಖ, ಯುದ್ಧ, ಅಣುಬಾಂಬು, ಅವರು ಕೈ ಹಾಕದ ವಿಷಯ ಹುಡುಕುವುದೇ ಕಷ್ಟ. ವರ್ಷದ ಪ್ರಕಾರ ಸಾಲಾಗಿ ಓದಲು ಕೂತರೆ ಅರ್ಧ ದಾರಿಗೂ ಮುಂಚೆ ಸುಸ್ತಾಗುತ್ತದೆ.

ನಾನು ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರ. ಮಳೆ ಹಿಡಿದುಕೊಂಡ ಮೇಲೆ ಸಂಜೆ ತೋಟದಲ್ಲಿ ಕೆಲಸ ಇರುವುದಿಲ್ಲ. ಅಕ್ಕಪಕ್ಕದ ಕೆಲವರು ನಮ್ಮ ಜಗಲಿಯಲ್ಲಿ ಸೇರುತ್ತೇವೆ. ಒಬ್ಬರು ಓದುತ್ತಾರೆ, ಉಳಿದವರು ನಿಲ್ಲಿಸಿ ನಿಲ್ಲಿಸಿ ಕೇಳುತ್ತಾರೆ. ಆ ಓದಿನಲ್ಲಿ ನಮಗೆ ಒಗ್ಗಿದ ದಾರಿಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಶುರುವಿಗೆ 1932ರ 'ಇನ್ ಪ್ರೇಸ್ ಆಫ್ ಐಡಲ್‌ನೆಸ್' (ಅಂದರೆ ಸುಮ್ಮನಿರುವುದರ ಹೊಗಳಿಕೆ) ಪ್ರಬಂಧ ತೆಗೆದುಕೊಳ್ಳಿ. ಚಿಕ್ಕದು, ಒಂದೇ ಸಂಜೆಗೆ ಮುಗಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಕೆಲಸ ಸಾಕು ಅನ್ನುವುದು ಅದರ ವಾದ. ಅದರೊಳಗೆ ಗುಂಡುಸೂಜಿ ಕಾರ್ಖಾನೆಯ ಮಾತು ಬರುತ್ತದೆ. ಜನ ಎಂಟು ಗಂಟೆ ದುಡಿದು ಲೋಕಕ್ಕೆ ಬೇಕಾದಷ್ಟು ಸೂಜಿ ಮಾಡುತ್ತಿದ್ದಾರೆ. ಹೊಸ ಮೆಷಿನ್ ಬಂತು, ಅದೇ ಜನ ಈಗ ಎರಡರಷ್ಟು ಮಾಡಬಲ್ಲರು. ಲೋಕಕ್ಕೆ ಎರಡರಷ್ಟು ಸೂಜಿ ಬೇಡ. ಬುದ್ಧಿ ಇರುವ ಕಡೆ ಎಲ್ಲರೂ ನಾಲ್ಕು ಗಂಟೆ ದುಡಿದು ಮನೆಗೆ ಹೋಗಬೇಕಿತ್ತು. ಆಗುವುದು ಹಾಗಲ್ಲ. ಅರ್ಧ ಜನರಿಗೆ ಕೆಲಸ ಹೋಗುತ್ತದೆ, ಉಳಿದ ಅರ್ಧ ಮೊದಲಿನಷ್ಟೇ ಬೆವರು ಸುರಿಸುತ್ತಾರೆ.

ಇಲ್ಲಿ ಪುಸ್ತಕ ಮುಚ್ಚಿ. ನಿಮ್ಮ ಊರಿನ ಒಂದು ಕೆಲಸಕ್ಕೆ ಈ ಮಾತನ್ನು ಹಚ್ಚಿ ನೋಡಿ. ನಾವು ತೋಟದ ಕಳೆ ತೆಗೆಯುವ ಕೆಲಸವನ್ನು ತೆಗೆದುಕೊಂಡೆವು. ಮೊದಲು ಹೆಂಗಸರು ಸಾಲಾಗಿ ನಿಂತು ಕತ್ತಿಯಲ್ಲಿ ಕಳೆ ಹೊಡೆಯುತ್ತಿದ್ದರು. ಈಗ ಹೆಗಲಿಗೆ ಮೆಷಿನ್ ಹಾಕಿಕೊಂಡ ಒಬ್ಬ ಹುಡುಗ ಅದಕ್ಕಿಂತ ಬೇಗ ಮುಗಿಸುತ್ತಾನೆ. ಉಳಿದ ಸಮಯ ಯಾರ ಪಾಲಿಗೆ ಬಂತು? ಆ ಹೆಂಗಸರಿಗಂತೂ ಅಲ್ಲ. ಹಾಗಂತ ರಸೆಲ್ ಹೇಳಿದ್ದೆಲ್ಲ ಸರಿ ಅಂತ ತಲೆಯಾಡಿಸಿಬಿಡಬೇಡಿ. ಕಾಫಿ ಹಣ್ಣಾದ ಮೇಲೆ ದಿನಕ್ಕೆ ನಾಲ್ಕೇ ಗಂಟೆ ದುಡಿದು ಕೆಲಸ ನಿಲ್ಲಿಸಲು ಆಗುತ್ತದಾ? ಕೊಯ್ಯದೆ ಬಿಟ್ಟರೆ ಉದುರಿ ನೆಲದ ಪಾಲು. ಗಂಟೆಯ ಲೆಕ್ಕ ಕಾರ್ಖಾನೆಗೆ ಸರಿ, ಬೆಳೆಗೆ ವರ್ಷದ ಲೆಕ್ಕ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಪಕ್ಕದ ಮನೆಯ ಅಕ್ಕ ಇನ್ನೊಂದು ಪ್ರಶ್ನೆ ಎತ್ತಿದರು: "ನಾಲ್ಕು ಗಂಟೆ ಆದ್ಮೇಲೆ ಅಡುಗೆ ಯಾರು ಮಾಡ್ತಾರೆ?" ಆ ಪ್ರಬಂಧದಲ್ಲಿ ಇದಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ. ಆದರೆ 1935ರಲ್ಲಿ ಅದೇ ಹೆಸರಿನಲ್ಲಿ ಬಂದ ಸಂಕಲನದಲ್ಲಿ ಮನೆಗಳನ್ನು ಕಟ್ಟುವ ರೀತಿಯ ಬಗ್ಗೆಯೇ ಒಂದು ಪ್ರಬಂಧ ಇದೆ. ಹಲವು ಮನೆಗಳಿಗೆ ಸೇರಿ ಒಂದು ಅಡುಗೆಮನೆ, ಮಕ್ಕಳಿಗೆ ಒಂದು ಶಿಶುವಿಹಾರ ಇರಲಿ ಅಂತ ಅಲ್ಲಿ ಹೇಳುತ್ತಾರೆ. ಪ್ರಶ್ನೆ ಒಂದು ಕಡೆ ಹುಟ್ಟುತ್ತದೆ, ಉತ್ತರ ಇನ್ನೆಲ್ಲೋ ಇರುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಪುಸ್ತಕ ಯಾವುದು ಅನ್ನುವುದನ್ನು ಆ ನೋಟ್‌ಬುಕ್ಕೇ ತೀರ್ಮಾನಿಸಲಿ.

ಎರಡನೆಯದಾಗಿ 1912ರ 'ದಿ ಪ್ರಾಬ್ಲಮ್ಸ್ ಆಫ್ ಫಿಲಾಸಫಿ'. ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಉಚಿತ ಪುಸ್ತಕಗಳ ವೆಬ್‌ಸೈಟಿನಲ್ಲಿ ಸುಮ್ನೆ ಸಿಗುತ್ತದೆ. ಮಳೆಗೆ ಮುಂಚೆಯೇ ಇಳಿಸಿಕೊಂಡು ಪ್ರಿಂಟ್ ಹಾಕಿಸಿ. ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಫೋನ್ ನಂಬಿಕೊಂಡು ಕೂರಬಾರದು. ಕಣ್ಣಿಗೆ ಕಾಣುವ ಮೇಜು ನಿಜಕ್ಕೂ ಹಾಗೇ ಇದೆಯಾ ಅನ್ನುವ ಮೊದಲ ಅಧ್ಯಾಯದ ಚರ್ಚೆ ಓದಿ, ನಂತರ ಸೀದಾ ಆರನೆಯದಕ್ಕೆ ಬನ್ನಿ. ಅಲ್ಲೊಂದು ಕೋಳಿ ಇದೆ. ಅದಕ್ಕೆ ದಿನಾ ಕಾಳು ಹಾಕುವ ಕೈಯೇ ಒಂದು ದಿನ ಕತ್ತು ಹಿಸುಕುತ್ತದೆ. ನಿನ್ನೆ ಆದದ್ದು ನಾಳೆಯೂ ಆಗುತ್ತದೆ ಅಂತ ನಂಬಲು ನಮಗೆ ಏನು ಆಧಾರ ಅನ್ನುವುದು ಅಲ್ಲಿನ ಪ್ರಶ್ನೆ.

ಕೊಡಗಿನವರಿಗೆ ಈ ಅಧ್ಯಾಯ ಬಿಡಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಬರೆ (ಗುಡ್ಡದ ಇಳಿಜಾರು) ಜರಿದು ಮನೆ, ತೋಟ, ರಸ್ತೆ ಕೊಚ್ಚಿಹೋದವು. ನಮ್ಮ ಜಗಲಿಯಲ್ಲಿ ಈ ಅಧ್ಯಾಯ ಓದಿದಾಗ ಎಲ್ಲರ ಬಾಯಲ್ಲೂ ಬಂದದ್ದು ಅದೇ. "ಅಜ್ಜನ ಕಾಲದಿಂದ ಇಲ್ಲಿ ಏನೂ ಆಗಿಲ್ಲ" ಅನ್ನುವ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿಲ್ಲ! ಆದರೆ ರಸೆಲ್ ಯಾವುದನ್ನೂ ನಂಬಬೇಡಿ ಅನ್ನುವುದಿಲ್ಲ, ಇದನ್ನು ಗಮನವಿಟ್ಟು ಓದಿ. ಒಂದು ಸಂಗತಿ ಮತ್ತೆ ಮತ್ತೆ ನಡೆದಷ್ಟೂ ಮುಂದೆಯೂ ನಡೆಯುವ ಸಂಭವ ಹೆಚ್ಚುತ್ತದೆ, ಖಂಡಿತ ಅನ್ನುವಷ್ಟು ಮಾತ್ರ ಆಗುವುದಿಲ್ಲ ಅನ್ನುತ್ತಾರೆ. ಅಜ್ಜನ ಅನುಭವವನ್ನು ಬಿಸಾಡಬೇಕಾಗಿಲ್ಲ. ಆ ಅನುಭವ ಬೆಟ್ಟದ ಬುಡ ಕೊರೆದು ರಸ್ತೆ ಮಾಡುವುದಕ್ಕೆ ಮುಂಚಿನದೋ ಆಮೇಲಿನದೋ ಅಂತಲೂ ನೋಡಬೇಕು.

ಒಂಬತ್ತು, ಹತ್ತನೆಯ ಅಧ್ಯಾಯ ಕಷ್ಟ ಅನ್ನಿಸಿದರೆ ದಾಟಿಕೊಂಡು ಹೋಗಿ. ಕೊನೆಯದನ್ನು ಮಾತ್ರ ಬಿಡಬೇಡಿ. ಗಣಿತಜ್ಞ ವೈಟ್‌ಹೆಡ್ ಜೊತೆ ಬರೆದ 'ಪ್ರಿನ್ಸಿಪಿಯಾ ಮ್ಯಾಥಮೆಟಿಕಾ' ಗಣಿತ ಓದಿದವರಿಗೆ ಇರಲಿ. ಒಂದಕ್ಕೆ ಒಂದು ಕೂಡಿದರೆ ಎರಡು ಅನ್ನುವ ಹತ್ತಿರ ಬರುವುದಕ್ಕೇ ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಪುಟ ಬೇಕಾಗಿದೆ.

ರಾಜಕೀಯದ ಬರಹ ಓದುವಾಗ ಮೊದಲ ಪುಟದಲ್ಲೇ ವರ್ಷ ಬರೆದಿಟ್ಟುಕೊಳ್ಳಿ. ಇದು ಬಹಳ ಮುಖ್ಯ. ಮೊದಲ ಮಹಾಯುದ್ಧವನ್ನು ವಿರೋಧಿಸಿ 1918ರಲ್ಲಿ ಜೈಲಿಗೆ ಹೋದವರು ಅವರು. ಹಿಟ್ಲರ್ ವಿರುದ್ಧದ ಯುದ್ಧಕ್ಕೆ ಬೆಂಬಲ ಕೊಟ್ಟವರೂ ಅವರೇ. 1920ರಲ್ಲಿ ರಷ್ಯಾಕ್ಕೆ ಹೋಗಿ ಲೆನಿನ್‌ರನ್ನು ಕಂಡು ಬಂದು, ಅಲ್ಲಿನ ಆಡಳಿತದ ಬಗ್ಗೆ ಖಾರವಾಗಿ ಬರೆದರು. 1955ರಲ್ಲಿ ಐನ್‌ಸ್ಟೈನ್ ಜೊತೆ ಅಣ್ವಸ್ತ್ರದ ವಿರುದ್ಧ ಹೇಳಿಕೆ ಹೊರಡಿಸಿದರು. 1961ರಲ್ಲಿ, 89ನೇ ವಯಸ್ಸಿನಲ್ಲಿ, ಅದೇ ಕಾರಣಕ್ಕೆ ಮತ್ತೆ ಜೈಲು. ವರ್ಷ ನೋಡದೆ ಒಂದು ಸಾಲು ಕಿತ್ತು ವಾಟ್ಸಾಪ್‌ನಲ್ಲಿ ಹಾಕಿದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ.

1945ರ ಪಾಶ್ಚಾತ್ಯ ತತ್ವಶಾಸ್ತ್ರದ ಚರಿತ್ರೆ ದಪ್ಪ ಪುಸ್ತಕ, ಆಮೇಲೆ ಬರಲಿ. ಜರ್ಮನಿಯ ತತ್ವಜ್ಞಾನಿ ನೀಚೆ ಬಗ್ಗೆ ಅದರಲ್ಲಿ ಹೇಳಿದ್ದು ನನಗೆ ಒಪ್ಪಿಗೆ ಇಲ್ಲ, ಸಿಟ್ಟಿನಲ್ಲಿ ಬರೆದ ಹಾಗಿದೆ. ಆದರೆ ಹಳೆಯ ಗ್ರೀಕ್ ಚಿಂತಕ ಹೆರಾಕ್ಲಿಟಸ್ ಬಗೆಗಿನ ಅಧ್ಯಾಯದಲ್ಲಿ ಯಾವುದೇ ಚಿಂತಕರನ್ನು ಹೇಗೆ ಓದಬೇಕು ಅಂತ ಅವರೇ ಹೇಳಿದ್ದಾರೆ. ಪೂಜೆಯೂ ಬೇಡ, ತಿರಸ್ಕಾರವೂ ಬೇಡ. ಮೊದಲು ಆ ವಿಚಾರವನ್ನು ನಂಬಿದರೆ ಹೇಗಿರುತ್ತದೆ ಅಂತ ಒಳಗಿನಿಂದ ತಿಳಿಯಬೇಕು, ಆಮೇಲೆ ವಿಮರ್ಶೆ. ನಾವು ಇದನ್ನು ರಸೆಲ್‌ಗೇ ಹಚ್ಚುತ್ತೇವೆ. ಮೊದಲ ಅರ್ಧ ಗಂಟೆ ಯಾರೂ ಎದುರು ಮಾತಾಡುವಂತಿಲ್ಲ. ಒಬ್ಬರು ಅವರ ಪರ ವಕೀಲರ ಹಾಗೆ, ನಮ್ಮ ಕಡೆಯ ಅರೆಭಾಷೆಯೋ ಕನ್ನಡವೋ ತಮ್ಮ ಮನೆಮಾತಿನಲ್ಲೇ ವಾದ ಪೂರ್ತಿ ಹೇಳಬೇಕು. ಇಂಗ್ಲಿಷ್ ಸಾಲನ್ನು ಬಾಯಿಪಾಠ ಒಪ್ಪಿಸಿದರೆ ಲೆಕ್ಕಕ್ಕಿಲ್ಲ. ಆಮೇಲೆ ಕಾಫಿ, ಆಮೇಲೆ ಜಗಳ. ದೇವರ ಬಗ್ಗೆ ಅವರು 1927ರಲ್ಲಿ ಮಾಡಿದ 'ವೈ ಐ ಆಮ್ ನಾಟ್ ಎ ಕ್ರಿಶ್ಚಿಯನ್' ಭಾಷಣವನ್ನು ಓದುವ ದಿನ ಮಾತ್ರ ಆ ಅರ್ಧ ಗಂಟೆಯನ್ನು ಒಂದು ಗಂಟೆ ಮಾಡಿಕೊಳ್ಳಿ.